ಮೆದುಳಿನ ಗೆಡ್ಡೆ: ರೋಗ ಪತ್ತೆಯಾದ ಮೇಲಿನ ಬದುಕು ಮತ್ತು ಆಸರೆ (ಜಾಬ್ರಿಯಾ, ಕುವೈತ್)

ಮೆದುಳಿನಲ್ಲಿ ಅಥವಾ ಅದರ ಪೊರೆಗಳಲ್ಲಿ ಜೀವಕೋಶಗಳು ಅಂಕೆ ಮೀರಿ ಬೆಳೆದಾಗ ಆಗುವುದೇ ಮೆದುಳಿನ ಗೆಡ್ಡೆ, ಅಂದರೆ ಬ್ರೈನ್ ಟ್ಯೂಮರ್. ಎಲ್ಲ ಗೆಡ್ಡೆಗಳೂ ಕ್ಯಾನ್ಸರ್ ಅಲ್ಲ. ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಬಹುಮಟ್ಟಿಗೆ ನಿಧಾನವಾಗಿ ಬೆಳೆಯುತ್ತದೆ. ಗ್ಲಯೋಬ್ಲಾಸ್ಟೋಮಾ ಬೇಗ ಹಬ್ಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಗೆಡ್ಡೆಗಳನ್ನು 1ರಿಂದ 4ರವರೆಗೆ ದರ್ಜೆಗಳಾಗಿ ವಿಂಗಡಿಸಿದೆ. ಎಂಆರ್‌ಐ ಗೆಡ್ಡೆಯ ಜಾಗ ಮತ್ತು ಗಾತ್ರ ತೋರಿಸುತ್ತದೆ; ಬಗೆ, ದರ್ಜೆ ಖಚಿತವಾಗುವುದು ಸಾಮಾನ್ಯವಾಗಿ ಬಯಾಪ್ಸಿಯಿಂದ. ಸ್ಕ್ಯಾನ್ ನೋಡಿದ ಕೂಡಲೇ ಕೈಚೆಲ್ಲಬೇಕಿಲ್ಲ.

ಚಿಕಿತ್ಸೆಯ ತಾಣಗಳು
ಜಾಬ್ರಿಯಾ ಹವಲ್ಲಿ ಪ್ರಾಂತ್ಯದ ಬಡಾವಣೆ. 1982ರಲ್ಲಿ ಆರಂಭವಾದ ಇಲ್ಲಿನ ಮುಬಾರಕ್ ಅಲ್-ಕಬೀರ್ ಆಸ್ಪತ್ರೆ ಕುವೈತ್ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯೂ ಹೌದು. ಮೆದುಳಿನ ಶಸ್ತ್ರಚಿಕಿತ್ಸೆಗೆ ಸಬಾಹ್ ವೈದ್ಯಕೀಯ ವಲಯದ ಇಬ್ನ್ ಸೀನಾ ಆಸ್ಪತ್ರೆ, ವಿಕಿರಣ ಮತ್ತು ಕೀಮೋ ಚಿಕಿತ್ಸೆಗೆ ಅಲ್ಲಿಯೇ ಕುವೈತ್ ಕ್ಯಾನ್ಸರ್ ನಿಯಂತ್ರಣ ಕೇಂದ್ರ ಇವೆ. 2017ರ ಅಕ್ಟೋಬರ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ವಿದೇಶೀಯರ ಶುಲ್ಕ ಏರಿದ್ದರಿಂದ ಖರ್ಚಿನ ವಿವರವನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮನಸ್ಸು ಮತ್ತು ಮನೆ
ಆಘಾತ, ನಿದ್ದೆಗೇಡು, ಸಿಟ್ಟು ಸಹಜ. ಗೆಡ್ಡೆಯಿಂದಲೂ, ಊತ ಇಳಿಸುವ ಡೆಕ್ಸಾಮೆಥಾಸೋನ್ ಮಾತ್ರೆಯಿಂದಲೂ ಸ್ವಭಾವ ಬದಲಾಗಬಹುದು. ಅದನ್ನು ರೋಗಿಯ ಹಟವೆಂದು ತಿಳಿಯಬಾರದು. ಮಾತ್ರೆಯನ್ನು ತಾವಾಗಿ ಥಟ್ಟನೆ ನಿಲ್ಲಿಸಲೂ ಬಾರದು. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಚಮಚ ತುರುಕುವುದು ಅಪಾಯ. ಐದು ನಿಮಿಷ ಮೀರಿದರೆ 112ಕ್ಕೆ ಕರೆ ಮಾಡಬೇಕು. ಊರಿನ ಹಿರಿಯರಿಗೆ ‘ಬರೀ ತಲೆನೋವು’ ಎಂದು ಮುಚ್ಚಿಟ್ಟರೆ ಆ ಸುಳ್ಳಿನ ಭಾರವೂ ರೋಗಿಯ ಮೇಲೆಯೇ ಬೀಳುತ್ತದೆ.

ಆಸರೆ
ಕುವೈತ್ ಕನ್ನಡ ಕೂಟ, ತುಳು ಕೂಟದಂತಹ ಸಂಘಗಳ ಮೂಲಕ ನಮ್ಮವರ ಪರಿಚಯವಾಗುತ್ತದೆ. ನೆರವು ಕೇಳುವಾಗ ಬಿಡಿಸಿ ಹೇಳಬೇಕು: ಒಂದು ರಾತ್ರಿ ಆಸ್ಪತ್ರೆಯಲ್ಲಿ ಜೊತೆಗಿರಲು, ಮಕ್ಕಳನ್ನು ಶಾಲೆಗೆ ಬಿಡಲು, ವೈದ್ಯರ ಮಾತು ಬರೆದುಕೊಳ್ಳಲು. ತೀರಾ ಕಷ್ಟದಲ್ಲಿರುವವರಿಗೆ ರಾಯಭಾರ ಕಚೇರಿಯ ಮೂಲಕ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಇದು 2009ರಲ್ಲಿ ಆರಂಭವಾಯಿತು. ಊರಿನಲ್ಲಿ ಕುಗ್ಗಿಹೋದ ಮನೆಯವರು 14416ಕ್ಕೆ, ಅಂದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಊರಿಗೆ ಮರಳುವುದು
ಬೆಂಗಳೂರಿನ ನಿಮ್ಹಾನ್ಸ್ ಅಥವಾ ಕಿದ್ವಾಯಿ ಸಂಸ್ಥೆಗೆ ಹೋಗುವವರು ಎಂಆರ್‌ಐ ಸಿಡಿ, ಡಿಸ್ಚಾರ್ಜ್ ವರದಿ, ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್‌ಗಳನ್ನು ಕೇಳಿ ಪಡೆದು ಒಯ್ಯಬೇಕು. ಶಸ್ತ್ರಚಿಕಿತ್ಸೆಯ ನಂತರ ತಲೆಬುರುಡೆಯೊಳಗೆ ಗಾಳಿ ಉಳಿದಿರಬಹುದಾದ್ದರಿಂದ ವಿಮಾನ ಏರುವ ಮುನ್ನ ವೈದ್ಯರ ಲಿಖಿತ ಒಪ್ಪಿಗೆ ಅಗತ್ಯ. ಆರು ತಿಂಗಳು ಮೀರಿ ಹೊರಗಿದ್ದರೆ ಇಕಾಮಾ (ಕುವೈತ್‌ನ ವಾಸದ ಪರವಾನಗಿ) ರದ್ದಾಗಬಹುದು. ಕಂಪನಿಯೊಡನೆ ಮೊದಲೇ ಮಾತಾಡಬೇಕು. ಗುಣವಾಗದ ಹಂತದಲ್ಲೂ ನೋವು ತಗ್ಗಿಸುವ ಉಪಶಮನ ಆರೈಕೆ ರೋಗಿಯ ಹಕ್ಕು. ಬೆಂಗಳೂರಿನ ಕರುಣಾಶ್ರಯ ಇದನ್ನು ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಕೊಡುತ್ತದೆ.