ಹೆಸರನ್ನು ಕಳೆದುಕೊಂಡ ಯಂತ್ರಶಿಲ್ಪಿ

ತಾನು ಕಟ್ಟಿದ ಮನೆಯನ್ನು ಬಿಟ್ಟು ಹೊರಡಬೇಕಾಗಿ ಬಂದವರು ಲೋಕದಲ್ಲಿ ಅನೇಕರುಂಟು. ಆದರೆ ತಂದೆಯಿಂದ ಬಂದ ಹೆಸರನ್ನೂ ಅಲ್ಲಿಯೇ ಬಿಟ್ಟು ಬರಬೇಕೆಂದು ನ್ಯಾಯಸ್ಥಾನದಿಂದ ವಿಧಿಸಲ್ಪಟ್ಟವರು ವಿರಳ. ಮೋಟಾರು ಗಾಡಿಗಳ ಚರಿತ್ರೆಯಲ್ಲಿ ಈ ವಿಚಿತ್ರವಾದ ಗತಿಯು ಜರ್ಮನಿಯ ಆಗಸ್ಟ್ ಹೋರ್ಶನಿಗೆ ಒದಗಿತು.

ಈತನು 1868ರಲ್ಲಿ ಮೋಸೆಲ್ ನದಿಯ ದಡದ ವಿನ್ನಿಂಗೆನ್ ಎಂಬ ಊರಿನಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಕುಲವೃತ್ತಿಯನ್ನು ಕಲಿತು, ಅನಂತರ ಯಂತ್ರಶಾಸ್ತ್ರವನ್ನು ವ್ಯಾಸಂಗಮಾಡಿ, 1896ರಲ್ಲಿ ಮನ್‌ಹೈಮ್ ನಗರದ ಕಾರ್ಲ್ ಬೆಂಜನ ಕಾರ್ಖಾನೆಯನ್ನು ಸೇರಿದನು. ಹತ್ತು ವರ್ಷಗಳ ಹಿಂದೆ ಮೋಟಾರು ಗಾಡಿಗೆ ಸರಕಾರದ ಹಕ್ಕುಪತ್ರವನ್ನು ಪಡೆದಿದ್ದ ಬೆಂಜನ ಬಳಿ ಗಾಡಿಗಳ ನಿರ್ಮಾಣವನ್ನು ನಡೆಯಿಸಿದ ಮೇಲೆ, ಸ್ವತಂತ್ರನಾಗಬೇಕೆಂಬ ಹಂಬಲವು ಅವನಲ್ಲಿ ಬಲಿಯಿತು. 1899ರಲ್ಲಿ ಕೊಲೋನ್ ನಗರದಲ್ಲಿ ತನ್ನ ಹೆಸರಿನ ಕಾರ್ಖಾನೆಯನ್ನು ಸ್ಥಾಪಿಸಿದನು.

ಉದ್ಯಮವು ಬೆಳೆದಂತೆ ಹಣದ ಅವಶ್ಯಕತೆಯೂ ಬೆಳೆಯಿತು. 1904ರಲ್ಲಿ ಕಾರ್ಖಾನೆಯು ಸ್ಯಾಕ್ಸನಿಯ ತ್ಸ್ವಿಕಾವ್ ನಗರಕ್ಕೆ ಹೋಗಿ, ಷೇರುದಾರರ ಕಂಪೆನಿಯಾಯಿತು. ಬಂಡವಾಳವು ಕೂಡಿತು; ಆದರೆ ಒಡೆಯನಾಗಿದ್ದವನು ಆಡಳಿತ ಮಂಡಲಿಗೆ ಉತ್ತರ ಹೇಳಬೇಕಾದವನಾದನು. ಭಿನ್ನಾಭಿಪ್ರಾಯಗಳು ಮಿತಿಮೀರಲು, 1909ರ ಜೂನ್ ತಿಂಗಳಲ್ಲಿ ಹೋರ್ಶನು ಕಂಪೆನಿಯನ್ನು ತೊರೆದು, ಒಂದು ತಿಂಗಳೊಳಗಾಗಿ ಅದೇ ಊರಿನಲ್ಲಿ ಎರಡನೆಯ ಕಾರ್ಖಾನೆಯನ್ನು ತೆರೆದನು. ಅದಕ್ಕೂ ತನ್ನ ಹೆಸರನ್ನೇ ಇಟ್ಟನು. ಹಳೆಯ ಕಂಪೆನಿಯವರು ವ್ಯಾಜ್ಯ ಹೂಡಿ ಗೆದ್ದರು. ಆಗಸ್ಟ್ ಹೋರ್ಶನು ಹೋರ್ಶ್ ಎಂಬ ಹೆಸರಿನಿಂದ ಗಾಡಿಗಳನ್ನು ಮಾರಕೂಡದೆಂದಾಯಿತು.

ಮುಂದೇನೆಂದು ಮಿತ್ರರು ಒಬ್ಬರ ಮನೆಯಲ್ಲಿ ಸೇರಿ ಆಲೋಚಿಸುತ್ತಿದ್ದಾಗ, ಅಲ್ಲಿಯೇ ಲ್ಯಾಟಿನ್ ಪಾಠವನ್ನು ಓದುತ್ತಿದ್ದ ಆ ಮನೆಯ ಹುಡುಗನು ಒಂದು ಉಪಾಯವನ್ನು ಸೂಚಿಸಿದನು. ಜರ್ಮನ್ ಭಾಷೆಯಲ್ಲಿ 'ಹೋರ್ಶ್' ಎಂದರೆ 'ಆಲಿಸು' ಎಂದರ್ಥ. ಅದನ್ನೇ ಲ್ಯಾಟಿನ್ನಿನಲ್ಲಿ ಹೇಳಿದರೆ 'ಆಡಿ'! ಹೀಗೆ ಕೈಬಿಟ್ಟುಹೋದ ಹೆಸರು 1910ರಲ್ಲಿ ಭಾಷಾಂತರವಾಗಿ ಮರಳಿ ಬಂದಿತು. ಅಮೆರಿಕದ ರ್ಯಾನ್ಸಮ್ ಓಲ್ಡ್ಸನೂ 1904ರಲ್ಲಿ ತನ್ನ ಹೆಸರಿನ ಕಂಪೆನಿಯನ್ನು ಬಿಟ್ಟು ಬಂದು, ತನ್ನ ಪೂರ್ಣನಾಮದ ಮೊದಲ ಅಕ್ಷರಗಳನ್ನು ಕೂಡಿಸಿ 'ರಿಯೋ' ಎಂಬ ಹೊಸ ಹೆಸರನ್ನು ಮಾಡಿಕೊಂಡಿದ್ದನು.

ಹೊಸ ಹೆಸರಿಗೆ ಕೀರ್ತಿಯನ್ನು ದುಡಿದೇ ಗಳಿಸಬೇಕಾಗಿದ್ದಿತು. ಆಸ್ಟ್ರಿಯದ ಆಲ್ಪ್ಸ್ ಪರ್ವತಗಳ ಕಡಿದಾದ ಕಣಿವೆಮಾರ್ಗಗಳಲ್ಲಿ ನಡೆಯುತ್ತಿದ್ದ ಕಠಿನ ಪರೀಕ್ಷೆಗೆ 1911ರಲ್ಲಿ ಹೋರ್ಶನು ತಾನೇ ಗಾಡಿಯನ್ನು ನಡೆಸಿದನು. 1912ರಿಂದ 1914ರ ವರೆಗೆ ಮೂರು ವರ್ಷವೂ ಆಡಿ ಗಾಡಿಗಳ ತಂಡಕ್ಕೆ ಜಯ ದೊರೆಯಿತು. ಇತ್ತ ಹಳೆಯ ಕಂಪೆನಿಯೂ ಸೊರಗಲಿಲ್ಲ. 1926ರಿಂದ ಎಂಟು ಸಿಲಿಂಡರುಗಳ ಭವ್ಯವಾದ ಹೋರ್ಶ್ ಗಾಡಿಗಳು ಹೊರಬಂದು ಶ್ರೀಮಂತರ ಮನ್ನಣೆಗೆ ಪಾತ್ರವಾದುವು. ಆದರೆ ಅವುಗಳಲ್ಲಿ ಹೋರ್ಶನ ಹೆಸರಿದ್ದಿತೇ ಹೊರತು ಅವನ ಕೈವಾಡವಿರಲಿಲ್ಲ.

ಆರ್ಥಿಕ ಮುಗ್ಗಟ್ಟಿನ ಕಾಲವು ಕೋರ್ಟು ಬೇರ್ಪಡಿಸಿದುದನ್ನು ಕೂಡಿಸಿತು. 1932ರಲ್ಲಿ ಆಡಿ, ಹೋರ್ಶ್, ಡಿಕೆಡಬ್ಲ್ಯು, ವಾಂಡರರ್ ಎಂಬ ನಾಲ್ಕು ಸಂಸ್ಥೆಗಳು 'ಆಟೋ ಯೂನಿಯನ್' ಆಗಿ ಒಂದಾದುವು. ಒಂದಕ್ಕೊಂದು ಹೆಣೆದ ನಾಲ್ಕು ಬಳೆಗಳು ಅದರ ಚಿಹ್ನೆಯಾದುವು. ಹೋರ್ಶನು 1951ರಲ್ಲಿ ತೀರಿಕೊಂಡನು. ಯುದ್ಧದಿಂದ ನಿಂತುಹೋಗಿದ್ದ ಆಡಿ ಎಂಬ ಹೆಸರು 1965ರಲ್ಲಿ ಮತ್ತೆ ಗಾಡಿಗಳ ಮೇಲೆ ಕಾಣಿಸಿಕೊಂಡಿತು. ಇಂದು ಆ ಗಾಡಿಗಳು ನಮ್ಮ ನಾಡಿನ ರಸ್ತೆಗಳಲ್ಲಿಯೂ ಓಡುತ್ತಿವೆ. ನ್ಯಾಯಸ್ಥಾನವು ಕಸಿದುಕೊಂಡ ಕಮ್ಮಾರನ ಮಗನ ಹೆಸರನ್ನು, ಅರ್ಥವರಿಯದೆಯೇ, ಜನರು ದಿನವೂ ಉಚ್ಚರಿಸುತ್ತಿದ್ದಾರೆ.