ವರ್ಷವನ್ನು ಮರೆಯುವ ಕೂಟ

ಜಪಾನೀಯರು ವರ್ಷಾಂತ್ಯದಲ್ಲಿ ನಡೆಸುವ ಔತಣಕ್ಕೆ ‘ಬೋನೆನ್‌ಕಾಯ್’ ಎಂದು ಹೆಸರು. ವರ್ಷವನ್ನು ಮರೆಯುವ ಕೂಟ ಎಂದು ಅದರ ಅರ್ಥ. ಆಚರಣೆ ಹಳೆಯದು. 1430ರ ಕೊನೆಯಲ್ಲಿ ನಡೆದ ಇಂಥ ಪಾನಗೋಷ್ಠಿಯೊಂದನ್ನು ಅರಸುಮನೆತನದ ಸದಾಫುಸ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಎರಡನೆಯ ಮಹಾಯುದ್ಧದ ತರುವಾಯ ಕಂಪನಿಗಳು ಇದನ್ನು ಪ್ರವಾಸವಾಗಿಯೂ ಬೆಳೆಸಿದವು. ಸಿಬ್ಬಂದಿಯೆಲ್ಲ ಅತಾಮಿಯಂಥ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಿ, ಮಿಂದು, ಒಂದೇ ಬಗೆಯ ಯುಕಾತ ಎಂಬ ನಿಲುವಂಗಿ ತೊಟ್ಟು, ಚಾಪೆ ಹಾಸಿದ ಹಜಾರದಲ್ಲಿ ಸಾಲಾಗಿ ಕುಳಿತು ಉಣ್ಣುವುದು ವಾಡಿಕೆಯಾಯಿತು.

ಅಂಥ ಒಂದು ಕೂಟಕ್ಕೆ ನಾನೂ ಅತಿಥಿಯಾಗಿ ಹೋಗಿದ್ದೆ. ಆ ರಾತ್ರಿ ‘ಬುರೇಕೋ’. ಎಂದರೆ ಮೇಲುಕೀಳಿನ ಉಪಚಾರಗಳಿಗೆ ರಜೆ. ಆದರೂ ಹಿರಿಯ ಅಧಿಕಾರಿ ಕುಳಿತದ್ದು ಚಿತ್ರಪಟ ತೂಗಿದ ಗೂಡಿನ ಮುಂದಿನ ಅಗ್ರಸ್ಥಾನದಲ್ಲಿ. ಅವರ ಬಟ್ಟಲು ಬರಿದಾಗದಂತೆ ಕಾದವನು ಎಲ್ಲರಿಗಿಂತ ಕಿರಿಯ. ಮರೆವಿಗೂ ಪಂಕ್ತಿಭೇದವುಂಟೆಂದು ನನಗೆ ಆಗ ಅನ್ನಿಸಿತು.

1990ರ ದಶಕದ ಆರ್ಥಿಕ ಕುಸಿತದೊಡನೆ ಪ್ರವಾಸಗಳು ವಿರಳವಾದವು. 2020ರ ಸಾಂಕ್ರಾಮಿಕದಲ್ಲಿ ಕೂಟಗಳೂ ಬಹುಮಟ್ಟಿಗೆ ನಿಂತವು. ಹಾಜರಾಗಲೇಬೇಕಾದ ಔತಣವೂ ದುಡಿಮೆಯೇ ಅಲ್ಲವೇ ಎಂದು ತರುಣರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪಂಕ್ತಿಯಲ್ಲಿ ಯಾರೂ ತಮ್ಮ ಬಟ್ಟಲಿಗೆ ತಾವೇ ಸುರಿದುಕೊಳ್ಳುವುದಿಲ್ಲ. ಪಕ್ಕದವನೇ ನೋಡಿ ತುಂಬಬೇಕು. ಕಡ್ಡಾಯ ಹೋಗಲಿ, ಆ ನೋಟ ಮಾತ್ರ ಉಳಿಯಲಿ.