ಪ್ರಸ್ತಾರದಿಂದ ಪ್ರೋಗ್ರಾಮಿನವರೆಗೆ

ವಿಶ್ವವಿದ್ಯಾಲಯ ಮಟ್ಟದ ಗಣಕ ವಿಜ್ಞಾನದ ಪ್ರಾರಂಭಿಕ ಪಾಠಕ್ರಮವೊಂದನ್ನು 12 ವಾರಗಳಲ್ಲಿ ಓದಿ, ಪರೀಕ್ಷೆ ಬರೆದು ಮುಗಿಸಿದ್ದೇನೆ. ಬದುಕಿನುದ್ದಕ್ಕೂ ಕನ್ನಡ ಪಾಠ ಹೇಳಿದವನಿಗೆ ಈ ವಯಸ್ಸಿನಲ್ಲಿ ಇದೇಕೆಂದು ಸ್ನೇಹಿತರು ಕೇಳಿದರು. ಆದರೆ ನಮ್ಮ ಕನ್ನೊಳ್ಳಿಯ ಹುಡುಗನೊಬ್ಬ ಕೇಳಿದ ಪ್ರಶ್ನೆಯೇ ಬೇರೆ: "ಸರ, ಇಂಗ್ಲಿಷ್ ಬರದವ್ರಿಗೆ ಇದು ತಿಳೀತದೇನ್ರಿ?" ಈ ಲೇಖನ ಅವನಿಗೆ ಕೊಡುವ ಉತ್ತರವೂ ಹೌದು.

ಮೊದಲು ಈ ವಿದ್ಯೆ ನಮ್ಮಲ್ಲಿಗೆ ಬಂದ ದಾರಿಯನ್ನು ನೋಡೋಣ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಎಂಬ ಗಣಕಯಂತ್ರ ಬಂದಿತು. ಅಲ್ಲಿ ಪಾಠ ಹೇಳುತ್ತಿದ್ದ ಪ್ರೊ. ವಿ. ರಾಜಾರಾಮನ್ ಅವರು 1969ರಲ್ಲಿ ಪ್ರೋಗ್ರಾಮಿಂಗ್ ಕುರಿತು ಪಠ್ಯಪುಸ್ತಕ ಬರೆದರು. ದೇಶದ ಎಷ್ಟೋ ವಿದ್ಯಾರ್ಥಿಗಳು ಅವರ ಪುಸ್ತಕಗಳಿಂದಲೇ ಈ ವಿಷಯವನ್ನು ಕಲಿತವರು. 1982ರಿಂದ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. 2003ರಲ್ಲಿ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿ, ತಮ್ಮ ತರಗತಿಯ ಪಾಠಗಳನ್ನು ಎಲ್ಲರಿಗೂ ತೆರೆದಿಟ್ಟವು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ಬಂದಿತು. ಕಾನ್ಪುರದಲ್ಲಿ ಹೊರಟ ಪಾಠ ಸಿಂದಗಿ ತಾಲೂಕಿನ ಹಳ್ಳಿಯ ಮನೆಯನ್ನು ಮುಟ್ಟಲು ಅರ್ಧ ಶತಮಾನ ಹಿಡಿಯಿತು.

ಪಾಠಗಳು ಮುಂದುವರಿದಂತೆ ನನಗೆ ಅಚ್ಚರಿಯಾದದ್ದು ಅವುಗಳ ಹೊಸತನದಿಂದಲ್ಲ, ಪರಿಚಯದಿಂದ. ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಿಂದ ಎಲ್ಲವನ್ನೂ ಬರೆಯಬಹುದೆಂದು ಅಧ್ಯಾಪಕರು ವಿವರಿಸುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದವು ಲಘು ಮತ್ತು ಗುರು. ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ 'ಪ್ರಸ್ತಾರ ಹಾಕಿ, ಗಣ ವಿಂಗಡಿಸಿ' ಎಂಬ ಪ್ರಶ್ನೆಯನ್ನು ಎದುರಿಸದ ಕನ್ನಡ ವಿದ್ಯಾರ್ಥಿ ಯಾರು? ಶಾಲೆಯಲ್ಲಿ ಪ್ರಸ್ತಾರವೆಂದರೆ ಕೊಟ್ಟ ಸಾಲಿನ ಮೇಲೆ ಗುರುತು ಹಾಕುವುದು. ಛಂದಶ್ಶಾಸ್ತ್ರದ ಮೂಲದಲ್ಲಿ ಅದರ ಅರ್ಥ ಇನ್ನೂ ವಿಶಾಲವಾದದ್ದು: ಇಷ್ಟು ಅಕ್ಷರಗಳಲ್ಲಿ ಸಾಧ್ಯವಿರುವ ಲಘು ಗುರುಗಳ ಎಲ್ಲ ವಿನ್ಯಾಸಗಳನ್ನೂ ಒಂದೂ ಬಿಡದಂತೆ ಕ್ರಮವಾಗಿ ಹರಡಿ ಬರೆಯುವುದು. ಮೂರಕ್ಷರಕ್ಕೆ ಎಂಟು ವಿನ್ಯಾಸ. ಅವೇ ನಮ್ಮ ಮ, ಯ, ರ, ಸ, ತ, ಜ, ಭ, ನ ಗಣಗಳು.

ಕ್ರಿಸ್ತಪೂರ್ವ ಕಾಲದವನೆಂದು ವಿದ್ವಾಂಸರು ಎಣಿಸುವ ಪಿಂಗಳನು 'ನಷ್ಟ' ಎಂಬ ವಿಧಾನವನ್ನು ಹೇಳಿದ್ದಾನೆ. ಪ್ರಸ್ತಾರದ ಪಟ್ಟಿ ಅಳಿಸಿಹೋಗಿದ್ದರೂ, ಬೇಕಾದ ಸಾಲನ್ನು ಅದರ ಸಂಖ್ಯೆಯಿಂದಲೇ ಮರಳಿ ಪಡೆಯುವುದು ಹೇಗೆ? ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ ಲಘು ಬರೆಯಬೇಕು. ಬೆಸವಾಗಿದ್ದರೆ ಒಂದನ್ನು ಕೂಡಿಸಿ ಅರ್ಧ ಮಾಡಿ ಗುರು ಬರೆಯಬೇಕು. ಆರನೆಯ ಸಾಲನ್ನು ಹುಡುಕೋಣ. ಆರು ಸಮ: ಲಘು, ಉಳಿದದ್ದು ಮೂರು. ಮೂರು ಬೆಸ: ಗುರು, ಉಳಿದದ್ದು ಎರಡು. ಎರಡು ಸಮ: ಲಘು. ಲಘು, ಗುರು, ಲಘು ಎಂದರೆ ಜ ಗಣ. ಮೇಲಿನ ಪಟ್ಟಿಯನ್ನು ಎಣಿಸಿ ನೋಡಿರಿ, ಆರನೆಯದು ಜ. ಪಾಠಕ್ರಮದ ಎರಡನೆಯ ವಾರದಲ್ಲಿ ಕಲಿತ 'ಇಫ್' ಮತ್ತು 'ಲೂಪ್' ಎರಡೂ ಇದರಲ್ಲಿವೆ. ಪೈಥಾನ್ ಭಾಷೆಯಲ್ಲಿ ನಾನು ಇದನ್ನೇ ಬರೆದೆ. ಏಳೆಂಟು ಸಾಲುಗಳಲ್ಲಿ ಮುಗಿಯಿತು.

ಇನ್ನೊಂದು ಉದಾಹರಣೆ. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ. ಇಪ್ಪತ್ತು ಅಕ್ಷರಗಳಲ್ಲಿ ಎಷ್ಟು ವಿನ್ಯಾಸಗಳು ಸಾಧ್ಯ? ಎರಡನ್ನು ಇಪ್ಪತ್ತು ಸಲ ಬರೆದು ಗುಣಿಸುತ್ತ ಹೋದರೆ 19 ಗುಣಾಕಾರ ಬೇಕು. ಪಿಂಗಳನ ದಾರಿಯಲ್ಲಿ 20ನ್ನು ಅರ್ಧ ಮಾಡಿದರೆ 10, ಮತ್ತೆ ಅರ್ಧ 5, ಬೆಸವಾದ್ದರಿಂದ ಒಂದನ್ನು ಕಳೆದು 4, ಅದರ ಅರ್ಧ 2, ಅದರ ಅರ್ಧ 1. ಈಗ ಹಿಂದಿರುಗಿ ಅರ್ಧ ಮಾಡಿದಲ್ಲಿ ವರ್ಗ, ಕಳೆದಲ್ಲಿ ಇಮ್ಮಡಿ: 2, 4, 16, 32, 1024, ಕೊನೆಗೆ 10,48,576. ಐದೇ ಗುಣಾಕಾರ! ಗಣಕ ವಿಜ್ಞಾನದ ಪ್ರಾರಂಭಿಕ ಪಾಠಗಳಲ್ಲಿ 'ದಕ್ಷತೆ' ಎಂಬ ಅಧ್ಯಾಯಕ್ಕೆ ಇಂದಿಗೂ ಈ ಲೆಕ್ಕವೇ ಉದಾಹರಣೆ.

ಈ ಪರಂಪರೆಗೂ ನಮ್ಮ ಸೀಮೆಗೂ ನಂಟಿದೆ. ಪಿಂಗಳನ ಸೂತ್ರಗಳಿಗೆ 10ನೇ ಶತಮಾನದಲ್ಲಿ ಪ್ರಸಿದ್ಧ ವ್ಯಾಖ್ಯಾನ ಬರೆದ ಹಲಾಯುಧನು ಮೊದಲು ಮಾನ್ಯಖೇಟದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದು, ಅನಂತರ ಮಾಳವದ ಮುಂಜನ ಆಸ್ಥಾನಕ್ಕೆ ಹೋದವನು. ಮಾನ್ಯಖೇಟವೆಂದರೆ ನೆರೆಯ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಅದೇ ಶತಮಾನದಲ್ಲಿ ನಾಗವರ್ಮನು 'ಛಂದೋಂಬುಧಿ'ಯನ್ನು ಬರೆದು ಛಂದಸ್ಸಿನ ಶಾಸ್ತ್ರವನ್ನು ಕನ್ನಡಕ್ಕೆ ತಂದನು. ಅಮೆರಿಕದ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಬೃಹದ್ಗ್ರಂಥದಲ್ಲಿ ಪಿಂಗಳ ಮತ್ತು ಹಲಾಯುಧರನ್ನು ಗೌರವದಿಂದ ಸ್ಮರಿಸಿದ್ದಾರೆ.

ಹಾಗೆಂದು 'ಕಂಪ್ಯೂಟರ್ ನಮ್ಮ ಪೂರ್ವಜರ ಸೃಷ್ಟಿ' ಎಂದು ಹೇಳುವವರ ಗುಂಪಿಗೆ ನಾನು ಸೇರಲಾರೆ. ನಷ್ಟ ವಿಧಾನವನ್ನು ನಡೆಸುವವನು ಮನುಷ್ಯನೇ. ಒಂದು ಪ್ರಶ್ನೆಗೆ ಒಂದು ವಿಧಾನ. ವಿಧಾನವನ್ನೇ ಬರಹವಾಗಿ ಯಂತ್ರಕ್ಕೆ ಕೊಟ್ಟರೆ, ಒಂದೇ ಯಂತ್ರ ಎಲ್ಲ ವಿಧಾನಗಳನ್ನೂ ನಡೆಸಬಲ್ಲದೆಂಬ ಮಹತ್ವದ ವಿಚಾರವನ್ನು 1936ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಅಲನ್ ಟ್ಯೂರಿಂಗ್. ಆ ಹೆಜ್ಜೆ ನಮ್ಮ ಛಂದಶ್ಶಾಸ್ತ್ರದಲ್ಲಿ ಇಲ್ಲ. ಪೂರ್ವಜರಿಗೆ ಸಲ್ಲಬೇಕಾದಷ್ಟನ್ನು ಸಲ್ಲಿಸುವುದೇ ಅವರಿಗೆ ತೋರುವ ನಿಜವಾದ ಗೌರವ.

ಇನ್ನು ಆ ಹುಡುಗನ ಪ್ರಶ್ನೆ. ಪ್ರೋಗ್ರಾಮಿನ ಆಜ್ಞೆಗಳು ಇಂಗ್ಲಿಷಿನವು, ನಿಜ. ಅಂಥ ಪದಗಳು ನಾಲ್ಕು ಡಜನ್ನಿಗಿಂತ ಹೆಚ್ಚಿಲ್ಲ. ಛಂದಸ್ಸಿನ ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿದ ಮಗುವಿಗೆ ಅವು ಭಾರವಲ್ಲ. ಪಾಠಗಳ ವಿವರಣೆ ಇಂಗ್ಲಿಷಿನಲ್ಲಿರುವುದು ನಿಜವಾದ ಅಡ್ಡಿ. ಅದನ್ನು ದಾಟಿಸಬೇಕಾದವರು ಕನ್ನಡದಲ್ಲಿ ಪಾಠ ಹೇಳಬಲ್ಲ ನಾವು. ಆದರೆ ಮುಖ್ಯವಾಗಿ ಬೇಕಾದ ಬುದ್ಧಿ, ಎಂದರೆ ದೊಡ್ಡ ಪ್ರಶ್ನೆಯನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಯಾವ ಹೆಜ್ಜೆಯನ್ನೂ ಬಿಡದೆ ನಡೆಯುವ ಶಿಸ್ತು, ಯಾವ ಒಂದು ಭಾಷೆಯ ಸೊತ್ತೂ ಅಲ್ಲ. ಕನ್ನಡ ಶಾಲೆಯ ಮಕ್ಕಳು ಸೀಸದಕಡ್ಡಿ ಹಿಡಿದು ಲಘು ಗುರು ಗುರುತಿಸುವಾಗ ಆ ಶಿಸ್ತಿನ ಬಾಗಿಲಲ್ಲೇ ನಿಂತಿರುತ್ತಾರೆ. ಕನ್ನಡ ಮತ್ತು ಗಣಿತದ ಶಿಕ್ಷಕಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ದಿನ ಇಬ್ಬರೂ ಒಂದೇ ತರಗತಿಗೆ ಹೋಗಿ, ಮೂರಕ್ಷರದ ಪ್ರಸ್ತಾರವನ್ನು ಪೂರ್ತಿಯಾಗಿ ಹಲಗೆಯ ಮೇಲೆ ಬರೆಯಿಸಿರಿ. ಅನಂತರ ಅದನ್ನು ಅಳಿಸಿ, ಆರನೆಯ ಸಾಲು ಯಾವುದೆಂದು ಮಕ್ಕಳನ್ನೇ ಕೇಳಿರಿ.